ಸ್ಕೀ ಬಂತು, ಪಟ್ಟಿ ಬರಲಿಲ್ಲ: ಹಿಮದಲ್ಲಿ ಮಿತ್ರ ಸೈನ್ಯಗಳು ಒಟ್ಟಿಗೆ ಕಲಿಯುವುದೇನು?

1940ರ ಏಪ್ರಿಲ್. ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿ ಹತ್ತು ದಿನ ಕಳೆದಿತ್ತು. ನಾರ್ವೆಗೆ ನೆರವಾಗಲು ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಸೈನಿಕರನ್ನು ನಾಮ್ಸೋಸ್ ಎಂಬ ಸಣ್ಣ ಬಂದರಿಗೆ ಕಳಿಸಿದವು. ಫ್ರಾನ್ಸಿನಿಂದ ಬಂದವರು ಆಲ್ಪ್ಸ್ ಪರ್ವತಗಳಲ್ಲಿ ಪಳಗಿದ ಪಡೆಯವರು. ಸ್ಕೀ ಮೇಲೆ ಓಡಾಡುವುದು ಅವರಿಗೆ ಹೊಸದೇನಲ್ಲ. ಸ್ಕೀಗಳನ್ನೂ ತಂದಿದ್ದರು. ಆದರೆ ಬೂಟನ್ನು ಸ್ಕೀಗೆ ಬಿಗಿಯುವ ಪಟ್ಟಿಗಳು ಬಂದಿರಲಿಲ್ಲ. ಪಟ್ಟಿ ಇಲ್ಲದ ಸ್ಕೀ ಬರೀ ಮರದ ಹಲಗೆ. ಬ್ರಿಟಿಷರ ಕಥೆ ಇನ್ನೊಂದು ತರಹ. ಅವರಿಗೆ ದಪ್ಪ ತುಪ್ಪಳದ ಕೋಟು, ವಿಶೇಷ ಬೂಟು, ಕಾಲುಚೀಲ ಎಲ್ಲ ಕೊಟ್ಟು ಕಳಿಸಿದ್ದರು. ಎಲ್ಲವನ್ನೂ ಹಾಕಿಕೊಂಡರೆ ನಡೆಯುವುದೇ ಕಷ್ಟವಾಗುತ್ತಿತ್ತು. ಸ್ಕೀ ಮಾಡಲು ಅವರಿಗೆ ಬರುತ್ತಲೂ ಇರಲಿಲ್ಲ. ರಸ್ತೆ ಬಿಟ್ಟು ಕದಲಲಾಗದ ಸೈನ್ಯವನ್ನು ಎರಡು ವಾರದಲ್ಲಿ ಹಡಗಿಗೆ ಹತ್ತಿಸಿ ವಾಪಸ್ ಕರೆಸಿಕೊಳ್ಳಬೇಕಾಯಿತು.

ನಾಮ್ಸೋಸ್ ಸೋಲಿಗೆ ಚಳಿಯೊಂದೇ ಕಾರಣವಲ್ಲ. ಆಕಾಶ ಪೂರ್ತಿ ಜರ್ಮನ್ ವಿಮಾನಗಳ ಕೈಯಲ್ಲಿತ್ತು. ಆದರೂ ಆ ಪಟ್ಟಿಗಳ ಕಥೆ ನನ್ನನ್ನು ಕಾಡುತ್ತದೆ. ಮಿತ್ರರು ಬರುತ್ತೇವೆ ಎಂದಿದ್ದರು, ಬಂದರು. ಮಾತಿಗೆ ತಪ್ಪಲಿಲ್ಲ. ಆದರೆ ಬಂದಿಳಿದ ಮೇಲೆ ಆ ನೆಲದಲ್ಲಿ ಅವರಿಂದ ಏನೂ ಮಾಡಲು ಆಗಲಿಲ್ಲ.

ಇವತ್ತು ಪ್ರತಿ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಉತ್ತರ ನಾರ್ವೆಯಲ್ಲಿ ಹತ್ತಾರು ದೇಶಗಳ ಸೈನಿಕರು ಹಿಮದಲ್ಲಿ ಹೊರಳಾಡುತ್ತಾರೆ. ಸುದ್ದಿಯಲ್ಲಿ ನಮಗೆ ಕಾಣುವುದು ಬಿಳಿ ಬಟ್ಟೆ ತೊಟ್ಟವರ ಚಿತ್ರ ಮತ್ತು ಒಂದಿಷ್ಟು ಸಂಖ್ಯೆ. ಇಷ್ಟು ಸಾವಿರ ಸೈನಿಕರು, ಇಷ್ಟು ಹಡಗು, ಇಷ್ಟು ವಿಮಾನ. ರಷ್ಯಾಕ್ಕೆ ಸಂದೇಶ ಎಂಬ ಒಂದು ತಲೆಬರಹ. ಇದೆಲ್ಲ ಸುಳ್ಳಲ್ಲ. ಆದರೆ ಈ ಅಭ್ಯಾಸಗಳ ತಿರುಳು ಈ ಸಂಖ್ಯೆಗಳಲ್ಲಿ ಇಲ್ಲ. ಅದು ಒದ್ದೆ ಕಾಲುಚೀಲದಲ್ಲಿದೆ, ಡೇರೆಯ ಒಲೆಯಲ್ಲಿದೆ, ಪಕ್ಕದವನ ಮೂಗಿನ ತುದಿ ಬೆಳ್ಳಗಾಗಿದೆಯೇ ಎಂದು ನೋಡುವ ಕಣ್ಣಿನಲ್ಲಿದೆ.

ಮೊದಲು ಈಗಿನ ಸ್ಥಿತಿ ನೋಡೋಣ.

2022ರ ಮಾರ್ಚ್‌ನಲ್ಲಿ ನಡೆದ 'ಕೋಲ್ಡ್ ರೆಸ್ಪಾನ್ಸ್' ಸಮರಾಭ್ಯಾಸದಲ್ಲಿ 27 ದೇಶಗಳ ಸುಮಾರು 30,000 ಸೈನಿಕರಿದ್ದರು. ಇದನ್ನು ನಡೆಸುವುದು ನಾರ್ವೆ. 2006ರಿಂದ ಇದು ನಡೆದುಕೊಂಡು ಬಂದಿದೆ. 2024ರಲ್ಲಿ ಅದರ ಹೆಸರೂ ಹರವೂ ಬದಲಾದವು. 'ನಾರ್ಡಿಕ್ ರೆಸ್ಪಾನ್ಸ್' ಎಂಬ ಹೆಸರಿನಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೂರೂ ದೇಶಗಳ ಉತ್ತರ ಭಾಗದಲ್ಲಿ ಒಂದೇ ಅಭ್ಯಾಸ ನಡೆಯಿತು. 13 ದೇಶಗಳಿಂದ 20,000ಕ್ಕೂ ಹೆಚ್ಚು ಸೈನಿಕರು ಬಂದಿದ್ದರು. ಅಭ್ಯಾಸ ನಡೆಯುತ್ತಿದ್ದಾಗಲೇ, ಮಾರ್ಚ್ 7ರಂದು, ಸ್ವೀಡನ್ ನ್ಯಾಟೊ ಸೇರಿತು. ಅಂದರೆ ಸ್ವೀಡನ್ನಿನ ಸೈನಿಕರು ಅತಿಥಿಗಳಾಗಿ ಅಭ್ಯಾಸ ಶುರುಮಾಡಿ ಸದಸ್ಯರಾಗಿ ಮುಗಿಸಿದರು. ಫಿನ್ಲೆಂಡ್ ಅದಕ್ಕೂ ಹಿಂದಿನ ವರ್ಷ, 2023ರ ಏಪ್ರಿಲ್ 4ರಂದು ಸೇರಿತ್ತು. 2024ರ ಅಭ್ಯಾಸಕ್ಕೆ ಅದು 4,000ಕ್ಕೂ ಹೆಚ್ಚು ಸೈನಿಕರನ್ನು ಕಳಿಸಿತು. ಹೊರದೇಶದ ಅಭ್ಯಾಸವೊಂದಕ್ಕೆ ಫಿನ್ಲೆಂಡ್ ಅಷ್ಟು ಜನರನ್ನು ಹಿಂದೆಂದೂ ಕಳಿಸಿರಲಿಲ್ಲ.

ಭೂಪಟ ಬಿಡಿಸಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಮೊದಲು ಉತ್ತರ ತುದಿಯಲ್ಲಿ ರಷ್ಯಾದ ಜೊತೆ ನ್ಯಾಟೊಗೆ ಇದ್ದ ನೆಲದ ಗಡಿ ನಾರ್ವೆಯದು ಮಾತ್ರ. ಅದು ಸುಮಾರು 198 ಕಿಲೊಮೀಟರ್. ಫಿನ್ಲೆಂಡಿನ ಗಡಿ ಸುಮಾರು 1,340 ಕಿಲೊಮೀಟರ್. ಅದರಲ್ಲಿ ಬಹುಪಾಲು ಕಾಡು, ಕೆರೆ, ಜವುಗು. ವರ್ಷದ ಹಲವು ತಿಂಗಳು ಹಿಮ. ಆ ಗಡಿಯ ಆಚೆ, ಉತ್ತರಕ್ಕೆ, ಕೋಲಾ ಪರ್ಯಾಯದ್ವೀಪ. ರಷ್ಯಾದ ನಾರ್ದರ್ನ್ ಫ್ಲೀಟ್ ಎಂಬ ನೌಕಾಪಡೆ ಇರುವುದು ಅಲ್ಲಿಯೇ. ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ಅಲ್ಲಿಂದಲೇ ಹೊರಡುತ್ತವೆ. ಗಡಿ ಪಕ್ಕದ ಪೆಚೆಂಗಾದಲ್ಲಿದ್ದ ರಷ್ಯಾದ ಭೂಸೇನಾ ಬ್ರಿಗೇಡ್ 2022ರಿಂದ ಉಕ್ರೇನ್‌ನಲ್ಲಿ ಬಹಳ ಪೆಟ್ಟು ತಿಂದಿದೆ. ಹಾಗಾಗಿ ಸದ್ಯಕ್ಕೆ ಈ ಭಾಗದ ನೆಲದ ಮೇಲೆ ಅಪಾಯ ತುಸು ಕಡಿಮೆ ಅನಿಸಬಹುದು. ಆದರೆ ಜಲಾಂತರ್ಗಾಮಿಗಳು ಹಾಗೇ ಇವೆ. ಬ್ರಿಗೇಡನ್ನು ಮತ್ತೆ ಕಟ್ಟಬಹುದು. ಹಿಮದಲ್ಲಿ ಹೋರಾಡಲು ಕಲಿಯುವುದಕ್ಕೂ ವರ್ಷಗಳು ಬೇಕು. ಅಪಾಯ ಬಾಗಿಲಿಗೆ ಬಂದಾಗ ಶುರುಮಾಡಿದರೆ ಆಗದು.

ಚಳಿ ಅಂದರೆ ಯಾವ ಚಳಿ?

ಸಾಮಾನ್ಯವಾಗಿ ನಾವು ಅಂದುಕೊಳ್ಳುವುದು, ಥರ್ಮಾಮೀಟರ್ ಎಷ್ಟು ಕೆಳಗಿಳಿದರೆ ಅಷ್ಟು ಕಷ್ಟ ಅಂತ. ಉತ್ತರ ನಾರ್ವೆಯಲ್ಲಿ ತರಬೇತಿ ಕೊಡುವವರು ಬೇರೆಯೇ ಹೇಳುತ್ತಾರೆ. ಮೈನಸ್ 20 ಡಿಗ್ರಿಯ ಒಣ ಚಳಿ ಒಂದು ರೀತಿಯಲ್ಲಿ ನೇರ. ಹಿಮ ಪುಡಿಯಂತಿರುತ್ತದೆ, ಕೊಡವಿದರೆ ಉದುರುತ್ತದೆ, ಬಟ್ಟೆ ಒದ್ದೆಯಾಗುವುದಿಲ್ಲ. ಅತಿ ಕಷ್ಟದ್ದು ಸೊನ್ನೆಯ ಆಸುಪಾಸು. ಟ್ರೋಮ್ಸ್ ಪ್ರಾಂತ್ಯದ ಕರಾವಳಿಗೆ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ತಾಗುತ್ತದೆ. ಹಾಗಾಗಿ ಅಲ್ಲಿ ಬೆಳಿಗ್ಗೆ ಮಳೆ, ಮಧ್ಯಾಹ್ನ ಕೆಸರಿನಂಥ ಹಿಮ, ರಾತ್ರಿ ಗಡ್ಡೆ ಕಟ್ಟುವ ಚಳಿ ಎಲ್ಲವೂ ಒಂದೇ ದಿನದಲ್ಲಿ ಬರಬಹುದು. ಮಧ್ಯಾಹ್ನ ನೆನೆದ ಬೂಟು ರಾತ್ರಿ ಕಲ್ಲಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಒದ್ದೆಯಾದವನಿಗೆ ಪ್ಲಸ್ 2 ಡಿಗ್ರಿಯೂ ಸಾಕು.

ಇಲ್ಲಿ ಕಾಲಿನ ವಿಷಯ ಬರುತ್ತದೆ. ಫ್ರಾಸ್ಟ್‌ಬೈಟ್ ಅಂದರೆ ಚರ್ಮ, ಮಾಂಸ ನಿಜವಾಗಿ ಹೆಪ್ಪುಗಟ್ಟುವುದು. ಅದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಇದೆ, ಹೆಪ್ಪುಗಟ್ಟದೆಯೇ ಆಗುವ ಗಾಯ. ಮೊದಲ ಮಹಾಯುದ್ಧದ ಕಂದಕಗಳಿಂದ ಅದಕ್ಕೆ 'ಟ್ರೆಂಚ್ ಫುಟ್' ಎಂಬ ಹೆಸರು ಬಂತು. ಪಾದ ಗಂಟೆಗಟ್ಟಲೆ, ದಿನಗಟ್ಟಲೆ ತಣ್ಣಗೆ ಒದ್ದೆಯಾಗಿದ್ದರೆ ನರಗಳು ಹಾಳಾಗುತ್ತವೆ. ಮೊದಲು ಮರಗಟ್ಟುತ್ತದೆ. ಬೆಚ್ಚಗಾದಾಗ ಉರಿ ಶುರು. ಕೆಲವರಿಗೆ ಆ ನೋವು ವರ್ಷಗಳ ಕಾಲ ಹೋಗುವುದಿಲ್ಲ. ನೋಡಲು ಕಾಲು ಚೆನ್ನಾಗಿಯೇ ಇರುತ್ತದೆ, ಆದ್ದರಿಂದ ಹೇಳಿದರೆ ಯಾರೂ ನಂಬುವುದಿಲ್ಲ. ಆಫ್ರಿಕನ್ ಮೂಲದ ಸೈನಿಕರಿಗೆ ಈ ಅಪಾಯ ಇತರರಿಗಿಂತ ಜಾಸ್ತಿ ಎಂದು ಬ್ರಿಟಿಷ್ ಸೇನೆಯ ವೈದ್ಯರೇ ಕಂಡುಕೊಂಡಿದ್ದಾರೆ. ಹಲವು ದೇಶಗಳ, ಹಲವು ಮೂಲಗಳ ಜನ ಸೇರುವ ಅಭ್ಯಾಸದಲ್ಲಿ ಇದು ಸಣ್ಣ ಮಾತಲ್ಲ. 'ಎಲ್ಲರಿಗೂ ಚಳಿ ಆಗ್ತದೆ, ತಡ್ಕೋ' ಎಂದು ಹೇಳುವ ಅಧಿಕಾರಿ ತನ್ನ ಸೈನಿಕನ ಕಾಲನ್ನು ಕಳೆಯುತ್ತಾನೆ.

1943ರ ಮೇ ತಿಂಗಳಲ್ಲಿ ಅಮೆರಿಕ ಅಲಾಸ್ಕಾದ ಅಟ್ಟು ದ್ವೀಪವನ್ನು ಜಪಾನಿನಿಂದ ವಾಪಸ್ ಪಡೆಯಲು ಇಳಿಯಿತು. ಹೋದ ಡಿವಿಷನ್ ತಯಾರಿ ಮಾಡಿದ್ದು ಮರುಭೂಮಿಗೆ. ಅಲ್ಲಿನ ಬೂಟು ಒದ್ದೆ ನೆಲಕ್ಕೆ ತಕ್ಕದ್ದಾಗಿರಲಿಲ್ಲ. ಚಳಿಯಿಂದ ಗಾಯಗೊಂಡವರು ಸಾವಿರ ದಾಟಿದರು. ಗುಂಡೇಟಿಗೆ ಗಾಯಗೊಂಡವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹವಾಮಾನ ಇನ್ನೊಂದು ಶತ್ರು ಸೈನ್ಯದಷ್ಟೇ ಹಾನಿ ಮಾಡಿತ್ತು.

ಹಾಗಾಗಿ ಉತ್ತರ ನಾರ್ವೆಗೆ ಬಂದಿಳಿದ ಹೊಸಬರಿಗೆ ಮೊದಲ ಪಾಠ ಬಂದೂಕಿನದಲ್ಲ. ಬಟ್ಟೆಯದು.

ಹತ್ತಿ ಬಟ್ಟೆ ಬೇಡ, ಅದು ಬೆವರು ಕುಡಿದು ಒದ್ದೆಯಾಗಿಯೇ ಕೂರುತ್ತದೆ. ಮೈಗೆ ಅಂಟಿ ಉಣ್ಣೆ. ನಾರ್ವೆಯವರು ಬಲೆಯಂತೆ ತೂತು ತೂತಾಗಿರುವ ಬನಿಯನ್ ಹಾಕುತ್ತಾರೆ. ಆ ತೂತುಗಳಲ್ಲಿ ಗಾಳಿ ನಿಲ್ಲುತ್ತದೆ, ಬೆವರು ಮೇಲಿನ ಪದರಕ್ಕೆ ಹೋಗುತ್ತದೆ. ನಡೆಯಲು ಶುರುಮಾಡುವ ಮುಂಚೆ ಜಾಕೆಟ್ ಬಿಚ್ಚಬೇಕು. ಹೊರಡುವಾಗ ಸ್ವಲ್ಪ ಚಳಿ ಅನಿಸಲೇಬೇಕು. ಹೊಸಬರಿಗೆ ಇದು ತಲೆಗೆ ಹತ್ತುವುದೇ ಇಲ್ಲ. ಬೆಚ್ಚಗೆ ಹೊರಟವನು ಅರ್ಧ ಗಂಟೆಯಲ್ಲಿ ಬೆವರುತ್ತಾನೆ. ನಿಂತ ಕೂಡಲೇ ಆ ಬೆವರೇ ಅವನನ್ನು ನಡುಗಿಸುತ್ತದೆ. ನಿಂತಾಗ ದಪ್ಪ ಜಾಕೆಟ್ ಹಾಕು, ಹೊರಡುವಾಗ ಬಿಚ್ಚು. ದಿನಕ್ಕೆ ಹತ್ತಾರು ಬಾರಿ. ಬೇಸರದ ಕೆಲಸ, ಆದರೆ ಜೀವ ಉಳಿಸುವ ಕೆಲಸ.

ರಾತ್ರಿ ಡೇರೆಯಲ್ಲಿ ಪ್ರತಿಯೊಬ್ಬನ ಪಾದವನ್ನೂ ನೋಡಬೇಕು. ಒದ್ದೆ ಕಾಲುಚೀಲ ಹೊಟ್ಟೆಗೆ ಒತ್ತಿಕೊಂಡು ಒಣಗಿಸಬೇಕು. ಹಿಮ ಕರಗಿಸಿ ನೀರು ಮಾಡಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಮೈ ಒಣಗುತ್ತಲೇ ಇರುತ್ತದೆ. ದಿನಕ್ಕೆ 4,500 ಕ್ಯಾಲೊರಿಗಿಂತ ಹೆಚ್ಚು ತಿನ್ನಬೇಕು. ಒಲೆ ಉರಿಯುವಷ್ಟು ಹೊತ್ತೂ ಒಬ್ಬ ಎಚ್ಚರವಾಗಿ ಕೂರಬೇಕು. ಬೆಂಕಿಗೆ ಕಾವಲು, ಜೊತೆಗೆ ಇಂಗಾಲದ ಮಾನಾಕ್ಸೈಡ್‌ಗೂ ಕಾವಲು. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿರುವವರನ್ನು ಹಾಗೆಯೇ ಕೊಲ್ಲುತ್ತದೆ. ಬಂದೂಕು ಹೊರಗೇ ಇರಬೇಕು. ಬೆಚ್ಚನೆ ಡೇರೆಗೆ ತಂದರೆ ಲೋಹದ ಮೇಲೆ ತೇವ ಕೂರುತ್ತದೆ, ಹೊರಗೊಯ್ದಾಗ ಅದು ಹೆಪ್ಪುಗಟ್ಟಿ ಬಂದೂಕಿನ ಟ್ರಿಗರ್ ಸಿಕ್ಕಿಕೊಳ್ಳುತ್ತದೆ. ರೇಡಿಯೊ ಬ್ಯಾಟರಿ ಮಾತ್ರ ಜಾಕೆಟ್ ಒಳಗೆ, ಎದೆಗೆ ತಾಗಿ ಇರಬೇಕು.

ಆಮೇಲೆ ಎಲ್ಲರೂ ಮಾತಾಡುವ ಪಾಠ. ಹೆಪ್ಪುಗಟ್ಟಿದ ಕೆರೆಯಲ್ಲಿ ಗರಗಸದಿಂದ ಗುಂಡಿ ಕೊಯ್ದು, ಸೈನಿಕನನ್ನು ಬೆನ್ನುಚೀಲದ ಸಮೇತ ಅದರೊಳಗೆ ಇಳಿಸುತ್ತಾರೆ. ಬ್ರಿಟನ್ನಿನ ರಾಯಲ್ ಮರೀನ್ ಕಮಾಂಡೊಗಳು ಇದನ್ನು ನಾರ್ವೆಯಲ್ಲಿ ಐವತ್ತು ವರ್ಷಕ್ಕೂ ಮೇಲಿಂದ ಮಾಡುತ್ತಿದ್ದಾರೆ. ನೀರಲ್ಲಿ ನಿಂತು ಹೆಸರು, ಹುದ್ದೆ ಸ್ಪಷ್ಟವಾಗಿ ಹೇಳಿದ ಮೇಲೆಯೇ ಹೊರಬರಲು ಅಪ್ಪಣೆ. ನೋಡುವವರಿಗೆ ಇದು ಸುಮ್ನೆ ಗಂಡಸುತನದ ಪ್ರದರ್ಶನ ಅನಿಸಬಹುದು. ಹಾಗಲ್ಲ. ಹಿಮದ ನೀರಿಗೆ ಬಿದ್ದ ಕೂಡಲೇ ಮೈ ಬೆಚ್ಚಿ ಉಸಿರು ಎಳೆದುಕೊಳ್ಳುತ್ತದೆ. ಆ ಉಸಿರು ನೀರೊಳಗೆ ಆದರೆ ಮುಗಿಯಿತು. ಉಸಿರನ್ನು ಹತೋಟಿಗೆ ತರಲು ಸುಮಾರು ಒಂದು ನಿಮಿಷ ಸಿಗುತ್ತದೆ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಹೆಸರು ಹೇಳಿಸುವುದು ಯಾಕೆಂದರೆ, ಮಾತಾಡಬೇಕಾದರೆ ಉಸಿರು ಹತೋಟಿಗೆ ಬಂದಿರಲೇಬೇಕು. ಇನ್ನೂ ಸಮಯವಿದೆ, ಗಾಬರಿ ಬೇಡ ಎಂಬುದನ್ನು ಮೈ ಒಮ್ಮೆ ಅನುಭವಿಸಿದರೆ ಸಾಕು, ಮುಂದೆ ನಿಜವಾಗಿ ಬಿದ್ದಾಗ ಅದು ನೆನಪಿಗೆ ಬರುತ್ತದೆ.

ಚಿಕ್ಕವರು ಕಲಿಸುತ್ತಾರೆ, ದೊಡ್ಡವರು ಕಲಿಯುತ್ತಾರೆ

ಈ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸುವ ಸಂಗತಿ ಇದು. ನ್ಯಾಟೊದಲ್ಲಿ ಅಮೆರಿಕ ದೊಡ್ಡಣ್ಣ. ನಾರ್ವೆ, ಫಿನ್ಲೆಂಡ್‌ಗಳ ಜನಸಂಖ್ಯೆ ತಲಾ 55 ಲಕ್ಷದ ಆಸುಪಾಸು. ಆದರೆ ಹಿಮದಲ್ಲಿ ಗುರು ಇವರೇ. ಇಪ್ಪತ್ತು ವರ್ಷ ಇರಾಕ್, ಅಫ್ಘಾನಿಸ್ತಾನದಲ್ಲಿ ಕಳೆದ ಅಮೆರಿಕದ ಮರೀನ್ ಪಡೆಯಲ್ಲಿ ಸ್ಕೀ ಹಾಕಿದವರೇ ಕಡಿಮೆಯಾಗಿದ್ದರು. ಹತ್ತೊಂಬತ್ತು ವರ್ಷದ ನಾರ್ವೆಯ ಹುಡುಗಿಯೊಬ್ಬಳು ಅಂಥ ಪಡೆಯವರಿಗೆ ಸ್ಲೆಡ್ಜ್ ಎಳೆಯುವುದನ್ನು ತೋರಿಸಿಕೊಡುವುದು ಅಲ್ಲಿ ವಿಶೇಷವೇ ಅಲ್ಲ. ನಾರ್ವೆಯಲ್ಲಿ ಕಡ್ಡಾಯ ಸೈನಿಕ ಸೇವೆ 2015ರಿಂದ ಹೆಣ್ಣುಮಕ್ಕಳಿಗೂ ಇದೆ.

ಫಿನ್ಲೆಂಡ್ ಈ ಜ್ಞಾನವನ್ನು ದುಬಾರಿ ಬೆಲೆಗೆ ಪಡೆದದ್ದು. 1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಒಳನುಗ್ಗಿತು. ಮುಂದಿನ ಮಾರ್ಚ್ 13ರವರೆಗೆ ನಡೆದ ಚಳಿಗಾಲದ ಆ ಯುದ್ಧದಲ್ಲಿ ಸುಮಾರು 25,000 ಫಿನ್ನಿಷ್ ಸೈನಿಕರು ಸತ್ತರು. ಸುವೊಮುಸ್ಸಲ್ಮಿಯ ಹತ್ತಿರ, ರಾಟೆ ರಸ್ತೆಯಲ್ಲಿ, ಒಂದೇ ಸಾಲಾಗಿ ಬರುತ್ತಿದ್ದ ಸೋವಿಯತ್ ಡಿವಿಷನ್ನನ್ನು ಸ್ಕೀ ಮೇಲೆ ಬಂದ ಸಣ್ಣ ಸಣ್ಣ ತುಕಡಿಗಳು ತುಂಡು ತುಂಡು ಮಾಡಿದವು. ಆ ತುಂಡುಗಳಿಗೆ ಫಿನ್ನಿಷ್‌ನಲ್ಲಿ 'ಮೊಟ್ಟಿ' ಎನ್ನುತ್ತಾರೆ. ಸೌದೆ ಕಡಿದು ಒಟ್ಟುವ ಅಳತೆಯ ಹೆಸರದು. ಅಡುಗೆ ಬಂಡಿಗಳನ್ನೂ ಹುಡುಕಿ ಹೊಡೆದರು. ಬಿಸಿ ಊಟ ಇಲ್ಲದ ಸೈನ್ಯವನ್ನು ಉಳಿದದ್ದು ಚಳಿಯೇ ಮುಗಿಸಿತು.

ಆದರೆ ಗುರುವಿಗೂ ಹೊಸ ಪಾಠ ಬೇಕಾಗಿದೆ. ಇದನ್ನು ಬರೆಯದೆ ಇದ್ದರೆ ಅನ್ಯಾಯವಾಗುತ್ತದೆ. ಬಿಳಿ ಬಟ್ಟೆ ಕಣ್ಣಿಗೆ ಮರೆ. ಶಾಖ ನೋಡುವ ಕ್ಯಾಮೆರಾ ಹೊತ್ತ ಡ್ರೋನ್‌ಗೆ ಅದು ಮರೆಯಲ್ಲ. ಮೈನಸ್ 20ರ ಕಾಡಿನಲ್ಲಿ ಒಲೆ ಉರಿಯುವ ಡೇರೆ ಆ ಕ್ಯಾಮೆರಾದಲ್ಲಿ ದೀಪದಂತೆ ಹೊಳೆಯುತ್ತದೆ. ಹಿಮದ ಮೇಲಿನ ಸ್ಕೀ ಗುರುತು ಮೇಲಿನಿಂದ ಗೆರೆ ಎಳೆದಂತೆ ಕಾಣುತ್ತದೆ. ಹತ್ತು ಜನ ಒಂದೇ ಡೇರೆಯಲ್ಲಿ, ಒಂದೇ ಒಲೆಯ ಸುತ್ತ ಮಲಗುವ ಹಳೆಯ ಪದ್ಧತಿ ಚಳಿಗೆ ಒಳ್ಳೆಯದು, ಉಕ್ರೇನ್‌ನಲ್ಲಿ ನೋಡುತ್ತಿರುವಂಥ ಯುದ್ಧಕ್ಕೆ ಅಪಾಯ. ಬೆಚ್ಚಗಿರಲೂ ಬೇಕು, ಬೆಚ್ಚಗಿರುವುದು ಕಾಣಲೂ ಬಾರದು. ಈ ಎರಡನ್ನು ಹೇಗೆ ಹೊಂದಿಸುವುದು ಎಂಬುದಕ್ಕೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಡ್ರೋನ್‌ಗೂ ಚಳಿ ತಟ್ಟುತ್ತದೆ ನಿಜ. ಬ್ಯಾಟರಿ ಬೇಗ ಇಳಿಯುತ್ತದೆ, ರೆಕ್ಕೆಗೆ ಮಂಜುಗಡ್ಡೆ ಹಿಡಿಯುತ್ತದೆ. ಆದರೆ ಅದನ್ನೇ ನೆಚ್ಚಿಕೊಂಡು ಕೂರಲಾಗದು.

ಗಾಯಾಳುಗಳ ವಿಷಯವೂ ಹಾಗೆಯೇ. ಏಟು ಬಿದ್ದವನ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ರಕ್ತ ನಿಲ್ಲುವುದಿಲ್ಲ, ರಕ್ತ ಹೋದಷ್ಟೂ ಮೈ ಇನ್ನೂ ತಣ್ಣಗಾಗುತ್ತದೆ. ಬೆಚ್ಚನೆ ಊರಿನಲ್ಲಿ ಬದುಕುವ ಗಾಯಾಳು ಇಲ್ಲಿ ಬದುಕದೇ ಹೋಗಬಹುದು. ಐದು ಪದರ ಬಟ್ಟೆಯ ಕೆಳಗೆ ಗಾಯ ಎಲ್ಲಿದೆ ಎಂದು ಹುಡುಕಬೇಕು. ಹುಡುಕಲು ಬಟ್ಟೆ ಕತ್ತರಿಸಿದರೆ ಚಳಿ ಒಳಗೆ ಬರುತ್ತದೆ. ಕೊಡಬೇಕಾದ ದ್ರವದ ಚೀಲವೇ ಹೆಪ್ಪುಗಟ್ಟಿರುತ್ತದೆ. ಹೆಲಿಕಾಪ್ಟರ್ ಬರಲು ಹವಾಮಾನ ಬಿಡದಿದ್ದರೆ ಗಾಯಾಳುವನ್ನು ರಾತ್ರಿಯಿಡೀ ಅಲ್ಲೇ ಉಳಿಸಿಕೊಳ್ಳಬೇಕು. ಇದನ್ನು ಬೇರೆ ಬೇರೆ ದೇಶದ ವೈದ್ಯಕೀಯ ತಂಡಗಳು ಒಟ್ಟಿಗೆ ಹಿಮದಲ್ಲೇ ಮಾಡಿ ನೋಡಬೇಕು. ತರಗತಿಯಲ್ಲಿ ಬರುವ ವಿದ್ಯೆ ಅಲ್ಲ ಇದು.

ಒಟ್ಟಿಗೆ ಅನ್ನುವುದರ ಕಷ್ಟ

ಒಂದು ದೇಶದ ಸೈನ್ಯ ತಾನೇ ಹಿಮದಲ್ಲಿ ಕಲಿತರೆ ಸಾಲದೇ? ಇಷ್ಟು ದೇಶಗಳನ್ನು ಯಾಕೆ ಸೇರಿಸಬೇಕು? ಈ ಪ್ರಶ್ನೆಗೆ ಉತ್ತರ ಒಂದು ದುರಂತದಲ್ಲಿ ಸಿಗುತ್ತದೆ.

2012ರ ಮಾರ್ಚ್ 15ರಂದು, ಕೋಲ್ಡ್ ರೆಸ್ಪಾನ್ಸ್ ನಡೆಯುತ್ತಿದ್ದಾಗ, ನಾರ್ವೆಯ ಹರ್ಕ್ಯುಲಿಸ್ ಸಾಗಣೆ ವಿಮಾನವೊಂದು ಸ್ವೀಡನ್ನಿನ ಕಿರುನಾಗೆ ಹೊರಟಿತ್ತು. ದಾರಿಯಲ್ಲಿ ಸ್ವೀಡನ್ನಿನ ಅತಿ ಎತ್ತರದ ಪರ್ವತ ಕೆಬ್ನೆಕೈಸೆಗೆ ಬಡಿಯಿತು. ಒಳಗಿದ್ದ ಐವರೂ ಸತ್ತರು. ಸ್ವೀಡನ್ನಿನ ತನಿಖೆಯಲ್ಲಿ ಗೊತ್ತಾದದ್ದು ಇಷ್ಟು. ವಾಯು ಸಂಚಾರ ನಿಯಂತ್ರಣದವರು ಇಳಿಯಲು ಒಪ್ಪಿಗೆ ಕೊಟ್ಟ ಎತ್ತರ ಆ ಪರ್ವತವನ್ನು ದಾಟಲು ಸಾಲುತ್ತಿರಲಿಲ್ಲ. ವಿಮಾನದವರೂ ಅದನ್ನು ಒಪ್ಪಿಕೊಂಡು ಇಳಿದರು. ನಾರ್ವೆಯ ವಿಮಾನ, ಸ್ವೀಡನ್ನಿನ ಆಕಾಶ. ನೆರೆಹೊರೆಯ ದೇಶಗಳು, ಒಬ್ಬರ ಭಾಷೆ ಒಬ್ಬರಿಗೆ ಅರ್ಥವಾಗುವಂಥವರು. ಅಂಥವರ ನಡುವೆಯೇ ಹೀಗಾಯಿತು. ಗಡಿ ದಾಟಿದಾಗ ಯಾರು ಯಾವುದನ್ನು ನೋಡಿಕೊಳ್ಳುತ್ತಾರೆ ಎಂಬುದು ಬಾಯಿಮಾತಿನಲ್ಲಿ ಸಲೀಸು. ಮೋಡ ಕವಿದ ಪರ್ವತದ ಮುಂದೆ ಹಾಗಲ್ಲ.

ಇನ್ನೂ ಸಾದಾ ವಿಷಯಗಳಿವೆ. ಉದಾಹರಣೆಗೆ ಇಂಧನ. ಮಾಮೂಲಿ ಡೀಸೆಲ್ ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ. ನ್ಯಾಟೊ ಸೈನ್ಯಗಳು ವಿಮಾನಕ್ಕೂ ಗಾಡಿಗೂ ಒಂದೇ ಇಂಧನ ಬಳಸುವ ನಿಯಮ ಮಾಡಿಕೊಂಡಿವೆ. ಎಫ್-34 ಎಂಬ ಆ ಸೀಮೆಎಣ್ಣೆ ಜಾತಿಯ ಇಂಧನ ಮೈನಸ್ 47 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಯಾರ ಟ್ಯಾಂಕರ್ ಬಂದರೂ ಯಾರ ಗಾಡಿಗಾದರೂ ಹಾಕಬಹುದು. ಇದು ನಿಜವಾದ ಮೈತ್ರಿ ಅಲ್ವಾ?

ರೈಲಿನದು ಉಲ್ಟಾ ಕಥೆ. ನಾರ್ವಿಕ್ ಬಂದರಿನಿಂದ ಸ್ವೀಡನ್ನಿನ ಕಿರುನಾಗೆ ಒಂದು ಹಳಿ ಇದೆ. ಕಬ್ಬಿಣದ ಅದಿರು ಸಾಗಿಸಲು ಹಾಕಿದ್ದು. ಅಟ್ಲಾಂಟಿಕ್ ದಾಟಿ ಬಂದ ಸೈನ್ಯವನ್ನು ಫಿನ್ಲೆಂಡ್ ಕಡೆಗೆ ಸಾಗಿಸಲು ಅದೇ ದೊಡ್ಡ ಆಸರೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಅದಿರು ರೈಲು ಹಳಿ ತಪ್ಪಿತು. ಮಾರ್ಗ ಎರಡು ತಿಂಗಳು ಮುಚ್ಚಿತು. ಫೆಬ್ರವರಿಯಲ್ಲಿ ತೆರೆದ ಕೆಲವೇ ದಿನಗಳಲ್ಲಿ ಮತ್ತೊಂದು ರೈಲು ಹಳಿ ತಪ್ಪಿತು. ನಾರ್ಡಿಕ್ ರೆಸ್ಪಾನ್ಸ್ ಶುರುವಾಗಲು ಆಗ ಹೆಚ್ಚು ದಿನ ಉಳಿದಿರಲಿಲ್ಲ. ಸರಿ, ಹಳಿ ಚೆನ್ನಾಗಿದೆ ಎಂದೇ ಇಟ್ಟುಕೊಳ್ಳೋಣ. ಸ್ವೀಡನ್ನಿನ ಹಳಿಗಳ ಅಗಲ 1,435 ಮಿಲಿಮೀಟರ್. ಫಿನ್ಲೆಂಡಿನದು 1,524. ಹಳೆಯ ರಷ್ಯನ್ ಸಾಮ್ರಾಜ್ಯದ ಕಾಲದ ಅಳತೆ. ಗಡಿಯಲ್ಲಿ ಟ್ಯಾಂಕುಗಳನ್ನು ಇಳಿಸಿ ಇನ್ನೊಂದು ರೈಲಿಗೆ ಹತ್ತಿಸಬೇಕು. ಕತ್ತಲಲ್ಲಿ, ಮೈನಸ್ 20ರಲ್ಲಿ, ಕೈಗವಸು ಹಾಕಿಕೊಂಡು. ಭೂಪಟದ ಮೇಲೆ ಬಾಣದ ಗುರುತು ಹಾಕುವವರು ಈ 89 ಮಿಲಿಮೀಟರನ್ನು ಮರೆಯಬಾರದು. ನನ್ನ ಪ್ರಕಾರ ಇಂಥ ಅಭ್ಯಾಸದ ಅತಿ ಉಪಯೋಗದ ಭಾಗ ಇದೇ. ಗುಂಡು ಹಾರಿಸುವುದಲ್ಲ, ಸಾಮಾನು ತಲುಪಿಸುವುದು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಶಾಂತಿಯ ಕಾಲದಲ್ಲೇ ಗೊತ್ತಾಗುವುದು.

ಹಿಮಕುಸಿತದ ಪಾಠ ಇನ್ನೂ ಆಳದ್ದು. 1986ರ ಮಾರ್ಚ್ 5ರಂದು, ನ್ಯಾಟೊದ 'ಆಂಕರ್ ಎಕ್ಸ್‌ಪ್ರೆಸ್' ಅಭ್ಯಾಸದ ವೇಳೆ, ನಾರ್ವಿಕ್ ಹತ್ತಿರದ ವಾಸ್‌ಡಾಲೆನ್ ಕಣಿವೆಯಲ್ಲಿ ನಾರ್ವೆಯ ಎಂಜಿನಿಯರ್ ತುಕಡಿಯೊಂದರ ಮೇಲೆ ಹಿಮ ಕುಸಿಯಿತು. 31 ಜನ ಸಿಕ್ಕಿಹಾಕಿಕೊಂಡರು. 16 ಯುವಕರು ಸತ್ತರು. ಬಹುತೇಕರು ಕಡ್ಡಾಯ ಸೇವೆಗೆ ಬಂದಿದ್ದ ಹುಡುಗರು. ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿದರು. ಹಿಮದ ದೇಶದವರು, ಹಿಮದಲ್ಲೇ ಹುಟ್ಟಿ ಬೆಳೆದವರು, ತಮ್ಮದೇ ನೆಲದಲ್ಲಿ ಸತ್ತರು. ಆಮೇಲೆ ನಾರ್ವೆಯ ಸೈನ್ಯ ಹಿಮಕುಸಿತದ ಬಗ್ಗೆ ಕಲಿಸುವ ರೀತಿಯನ್ನೇ ಬದಲಿಸಿತು. ಈಗ ಇಳಿಜಾರಿನ ಕೋನ, ಗಾಳಿ ಹಿಮವನ್ನು ಎಲ್ಲಿ ಒಟ್ಟಿದೆ, ಪದರಗಳು ಒಂದಕ್ಕೊಂದು ಹಿಡಿದುಕೊಂಡಿವೆಯೇ ಎಂದು ನೋಡಿಯೇ ದಾರಿ ಹಿಡಿಯುವುದು. ಅತಿಥಿ ಸೈನ್ಯಗಳಿಗೂ ಅದೇ ಪಾಠ.

ಹಿಮದಡಿ ಹೂತವನನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಬಹಳ. ಅದಾದ ಮೇಲೆ ಆ ಸಾಧ್ಯತೆ ವೇಗವಾಗಿ ಕುಸಿಯುತ್ತದೆ. ಹದಿನೈದು ನಿಮಿಷದಲ್ಲಿ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ಉಳಿಸಬೇಕಾದವರು ಪಕ್ಕದಲ್ಲಿದ್ದವರೇ. ಆ ಪಕ್ಕದವನು ಬೇರೆ ದೇಶದವನಾಗಿರಬಹುದು, ಬೇರೆ ಭಾಷೆಯವನಾಗಿರಬಹುದು. ಹಿಮಕುಸಿತದಲ್ಲಿ ಹುಡುಕುವ ಉಪಕರಣ ಜಗತ್ತಿನಾದ್ಯಂತ ಒಂದೇ ತರಂಗದಲ್ಲಿ, 457 ಕಿಲೊಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅವನ ಉಪಕರಣಕ್ಕೆ ಇವನ ಸದ್ದು ಕೇಳುತ್ತದೆ. ಆದರೆ ಅದನ್ನು ಹಿಡಿದು ಹೇಗೆ ಹುಡುಕಬೇಕು, ಯಾರು ಕೋಲು ಚುಚ್ಚಬೇಕು, ಯಾರು ಅಗೆಯಬೇಕು ಎಂಬುದು ಕೈಗೆ ಬಂದಿರಬೇಕು. ಒಟ್ಟಿಗೆ ಅಭ್ಯಾಸ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

2022ರ ಮಾರ್ಚ್ 18ರಂದು ಕೋಲ್ಡ್ ರೆಸ್ಪಾನ್ಸ್ ವೇಳೆ ಅಮೆರಿಕದ ಓಸ್ಪ್ರೆ ವಿಮಾನ ಉತ್ತರ ನಾರ್ವೆಯಲ್ಲಿ ಬಿದ್ದು ನಾಲ್ವರು ಮರೀನ್‌ಗಳು ಸತ್ತರು. ಕಡಿದಾದ ಕಣಿವೆಯಲ್ಲಿ ತೀರಾ ಕೆಳಗೆ ಹಾರಿಸಿ ತಿರುಗಿಸಿದ್ದೇ ಕಾರಣ ಎಂದು ಆಮೇಲಿನ ತನಿಖೆ ಹೇಳಿತು. ಚಳಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೆ ಈ ಅಭ್ಯಾಸಗಳ ಲೆಕ್ಕ ಬರೆಯುವಾಗ 1986ರ 16, 2012ರ 5, 2022ರ 4 ಜೀವಗಳನ್ನೂ ಬರೆಯಬೇಕು. ಯುದ್ಧವಿಲ್ಲದೆ ಹೋದ ಜೀವಗಳು ಇವು.

ಅಭ್ಯಾಸದ ಬಗ್ಗೆ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕಲಾಗದು. ಗಡಿಯ ಹತ್ತಿರ ಇಷ್ಟು ಸೈನ್ಯ ಸೇರಿಸಿದರೆ ರಷ್ಯಾವನ್ನು ಕೆಣಕಿದಂತಲ್ಲವೇ? ನಾರ್ವೆಗೆ ಈ ಎಚ್ಚರ ಮೊದಲಿಂದಲೂ ಇದೆ. ನಾರ್ವೆಯ ಮೇಲೆ ದಾಳಿ ನಡೆಯದೆ, ದಾಳಿಯ ಬೆದರಿಕೆಯೂ ಇಲ್ಲದೆ ವಿದೇಶಿ ಸೈನ್ಯಕ್ಕೆ ಕಾಯಂ ನೆಲೆ ಕೊಡುವುದಿಲ್ಲ ಎಂದು ಅದು 1949ರಲ್ಲೇ ಹೇಳಿತ್ತು. ದೊಡ್ಡ ಅಭ್ಯಾಸಗಳನ್ನು ಮೊದಲೇ ತಿಳಿಸುವ, ವೀಕ್ಷಕರನ್ನು ಕರೆಯುವ ನಿಯಮ ಯುರೋಪಿನಲ್ಲಿದೆ. 2022ರಲ್ಲಿ ನಾರ್ವೆ ರಷ್ಯಾವನ್ನೂ ಕರೆದಿತ್ತು. ರಷ್ಯಾ ಬರಲಿಲ್ಲ. ಕರೆಯುವುದು ಆಗಲೂ ಸರಿಯಾಗಿತ್ತು, ಈಗಲೂ ಸರಿ ಎಂದೇ ನನ್ನ ಅಭಿಪ್ರಾಯ. ಕಂಡದ್ದಕ್ಕಿಂತ ಕಾಣದ್ದಕ್ಕೆ ಹೆದರಿಕೆ ಜಾಸ್ತಿ.

ಇನ್ನೊಂದು ಆಕ್ಷೇಪ ಆ ನೆಲದವರದೇ. ಮೂರೂ ದೇಶಗಳ ಉತ್ತರದಲ್ಲಿ ಸಾಮಿ ಜನ ಹಿಮಸಾರಂಗ ಸಾಕಿ ಬದುಕುತ್ತಾರೆ. ಮಾರ್ಚ್ ಅಂದರೆ ಹೆಣ್ಣು ಸಾರಂಗಗಳು ಗಬ್ಬವಾಗಿರುವ ಕಾಲ. ಚಳಿಗಾಲವಿಡೀ ಹಿಮ ಕೆದಕಿ ತಿಂದು ಸೊರಗಿರುತ್ತವೆ. ಆಗ ತಲೆಯ ಮೇಲೆ ಹೆಲಿಕಾಪ್ಟರ್ ಬಂದರೆ ಹಿಂಡು ಚದುರಿ ಓಡುತ್ತದೆ, ಉಳಿದಿರುವ ಅಲ್ಪ ಶಕ್ತಿಯೂ ಹೋಗುತ್ತದೆ. ಸೈನಿಕರಿಗೆ ಹಿಮದ ಬಗ್ಗೆ ಕಲಿಸಬಲ್ಲವರು ಯಾರಾದರೂ ಇದ್ದರೆ ಅದು ಇವರೇ. ಅಭ್ಯಾಸದ ಜಾಗ ಗುರುತಿಸುವಾಗ ಅವರ ಮಾತು ಮೊದಲು ಕೇಳಬೇಕು, ಪರಿಹಾರ ಕೊಡುವ ಹಂತದಲ್ಲಿ ಅಲ್ಲ.

ಕೊನೆಯದಾಗಿ, ನನಗೆ ಅತಿ ಚಿಂತೆಯ ವಿಷಯ. ಈ ಕಲಿಕೆ ಉಳಿಯುವುದಿಲ್ಲ, ಸೋರಿಹೋಗುತ್ತದೆ. ಸೈನಿಕರು ಬದಲಾಗುತ್ತಾರೆ. ಈ ವರ್ಷ ಸ್ಕೀ ಕಲಿತವನು ಮುಂದಿನ ವರ್ಷ ಬೇರೆ ಕಡೆ ಇರುತ್ತಾನೆ, ಇಲ್ಲವೇ ಸೈನ್ಯ ಬಿಟ್ಟಿರುತ್ತಾನೆ. 2017ರ ಜನವರಿಯಲ್ಲಿ ಸುಮಾರು 300 ಅಮೆರಿಕನ್ ಮರೀನ್‌ಗಳು ನಾರ್ವೆಯ ವರ್ನೆಸ್‌ಗೆ ಬಂದರು. ಒಂದು ತಂಡ ಹೋದಾಗ ಇನ್ನೊಂದು ತಂಡ ಬರುವ ವ್ಯವಸ್ಥೆ ಅದು. ಆಮೇಲೆ ಸಂಖ್ಯೆಯೂ ಏರಿತು, ಇನ್ನೂ ಉತ್ತರಕ್ಕೆ ಸೆಟರ್‌ಮೋಯೆನ್‌ಗೂ ಹೋದರು. 2020ರಲ್ಲಿ ಆ ಪದ್ಧತಿ ನಿಲ್ಲಿಸಿ, ಅಭ್ಯಾಸದ ಹೊತ್ತಿಗೆ ಬಂದು ಹೋಗುವ ಕಡಿಮೆ ಅವಧಿಯ ತರಬೇತಿಗೆ ಬದಲಿಸಿದರು. ಬ್ರಿಟನ್ ಬೇರೆ ದಾರಿ ಹಿಡಿಯಿತು. 2023ರಲ್ಲಿ ಟ್ರೋಮ್ಸ್‌ನಲ್ಲಿ 'ಕ್ಯಾಂಪ್ ವೈಕಿಂಗ್' ಎಂಬ ನೆಲೆ ತೆರೆದು, ತನ್ನ ಕಮಾಂಡೊಗಳು ಪ್ರತಿ ಚಳಿಗಾಲ ಅಲ್ಲಿಗೇ ಬರುವಂತೆ ಮಾಡಿತು. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನಾನು ಬ್ರಿಟನ್ನಿನ ದಾರಿ ಎನ್ನುತ್ತೇನೆ. ಎರಡು ವಾರಕ್ಕೆ 30,000 ಜನ ಬರುವುದಕ್ಕಿಂತ ಅದೇ 1,000 ಜನ ಮೂರು ಚಳಿಗಾಲ ಬರುವುದು ಹೆಚ್ಚು ಬಾಳಿಕೆಯದು. ಎರಡು ವಾರದಲ್ಲಿ ಬದುಕುಳಿಯಲು ಕಲಿಯಬಹುದು. ಹೋರಾಡಲು ಎರಡನೆಯ ಚಳಿಗಾಲ ಬೇಕು. ಇನ್ನೊಬ್ಬರಿಗೆ ಕಲಿಸಲು ಮೂರನೆಯದು.

ಆದ್ದರಿಂದ ಮುಂದಿನ ಮಾರ್ಚ್‌ನಲ್ಲಿ ಇಂಥ ಅಭ್ಯಾಸದ ಸುದ್ದಿ ಬಂದಾಗ ಎಷ್ಟು ಸಾವಿರ ಸೈನಿಕರು ಎಂಬ ಸಾಲನ್ನು ಓದಿ ಅಲ್ಲಿಗೇ ನಿಲ್ಲಿಸಬೇಡಿ. ಅವರು ಜನವರಿಯಲ್ಲೇ ಬಂದಿದ್ದರೇ, ಹೋದ ವರ್ಷ ಬಂದವರಲ್ಲಿ ಎಷ್ಟು ಮಂದಿ ಮತ್ತೆ ಬಂದರು, ಸಾಮಾನು ಗಡಿ ದಾಟಲು ಎಷ್ಟು ದಿನ ಹಿಡಿಯಿತು ಎಂದು ಹುಡುಕಿ ನೋಡಿ. ನಾಮ್ಸೋಸ್‌ನಲ್ಲಿಯೂ ಸೈನಿಕರ ಸಂಖ್ಯೆ ಸಾವಿರಗಳಲ್ಲೇ ಇತ್ತು. ಇಲ್ಲದೇ ಹೋದದ್ದು ಪಟ್ಟಿ.